ಹಳೇ ಸ್ಕೂಟರ್ ಕೊಳ್ಳುವ ಮುಂಚೆ ಓಡಿಸಿ ನೋಡುವುದು

ನಾವು ಬರುವ ತನಕ ಗಾಡಿ ಸ್ಟಾರ್ಟ್ ಮಾಡಬೇಡಿ ಅಂತ ಮಾರುವವರಿಗೆ ಮೊದಲೇ ಹೇಳಿಬಿಡಿ. ಇಂಜಿನ್ ಆಗಲೇ ಬೆಚ್ಚಗಿದ್ದರೆ ಬೆಳಗಿನ ಸ್ಟಾರ್ಟಿಂಗ್ ತೊಂದರೆ ಗೊತ್ತಾಗುವುದಿಲ್ಲ. ಚಳಿಗೆ ಬರುವ ಬಿಳಿ ಹೊಗೆ ಸ್ವಲ್ಪ ಹೊತ್ತಿಗೆ ನಿಂತರೆ ಚಿಂತೆಯಿಲ್ಲ. ನೀಲಿ ಹೊಗೆ ನಿಲ್ಲದೇ ಬಂದರೆ ಇಂಜಿನ್ ಆಯಿಲ್ ಸುಡುತ್ತಿದೆ, ಆಯಿಲ್ ಒಳಗೆ ಸೋರದಂತೆ ತಡೆಯುವ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿರುತ್ತದೆ. ಅಂಥ ಗಾಡಿ ಬಿಟ್ಟುಬಿಡಿ.

ಇನ್ಶೂರೆನ್ಸ್ ಚಾಲ್ತಿಯಲ್ಲಿದೆಯಾ ನೋಡಿ, ಹೆಲ್ಮೆಟ್ ಹಾಕಿಕೊಂಡೇ ರಸ್ತೆಗಿಳಿಯಿರಿ.

ಸಪಾಟು ರಸ್ತೆಯಲ್ಲಿ ಓಡಿಸಿದರೆ ಸಾಲದು. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಏರು ಹತ್ತಿಸಿ. ನಿಂತಲ್ಲಿಂದ ಹೊರಡುವಾಗ 10–20 ಕಿ.ಮೀ. ವೇಗದಲ್ಲಿ ಗಾಡಿ ಗಡಗಡ ಅದುರಿದರೆ ಕ್ಲಚ್ ಶೂ (ಇಂಜಿನ್ ಶಕ್ತಿಯನ್ನು ಚಕ್ರಕ್ಕೆ ಜೋಡಿಸುವ ಭಾಗ) ನೋಡಿಸಬೇಕು. ಇಂಜಿನ್ ಅರಚಿದರೂ ವೇಗ ಏರದಿದ್ದರೆ, ಇಂಜಿನ್ ಶಕ್ತಿಯನ್ನು ಹಿಂದಿನ ಚಕ್ರದ ಕಡೆಗೆ ಒಯ್ಯುವ ಬೆಲ್ಟ್ ಸವೆದು ಜಾರುತ್ತಿರಬಹುದು. ಬೆಲ್ಟ್, ಅದರ ಜೊತೆ ಕೆಲಸ ಮಾಡುವ ರೋಲರ್ ಎರಡನ್ನೂ ಒಟ್ಟಿಗೇ ಬದಲಿಸುವುದು ಒಳ್ಳೆಯದು. ಆ ಖರ್ಚನ್ನು ಬೆಲೆಯಲ್ಲೇ ಇಳಿಸಿ ಕೇಳಿ.

ವಾಪಸ್ ಬಂದು ಡಬಲ್ ಸ್ಟ್ಯಾಂಡ್ ಹಾಕಿ, ಹಿಂಭಾಗ ಯಾರಾದರೂ ಒತ್ತಿ ಹಿಡಿಯಲಿ. ಮುಂದಿನ ಚಕ್ರ ನೆಲ ಬಿಟ್ಟಾಗ ಹ್ಯಾಂಡಲನ್ನು ಬೆರಳಲ್ಲೇ ನಿಧಾನಕ್ಕೆ ತಿರುಗಿಸಿ. ನಟ್ಟನಡುವೆ 'ಟಕ್' ಅಂತ ಸಿಕ್ಕಿಕೊಂಡರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಹೋಗಿದೆ. ಹೊಂಡಗಳ ರಸ್ತೆಯಲ್ಲಿ ಓಡಿದ ಗಾಡಿಗಳಲ್ಲಿ ಇದು ತೀರಾ ಸಾಮಾನ್ಯ.