ನೋಬಡಿಗೆ ಖಾತೆ ಇದೆ, ಅಪ್ಪನಿಗೆ ಇಲ್ಲ

"ನಂದೇ ಏನೋ ತಪ್ಪಿರಬೇಕು ಬಿಡು ಪುಟ್ಟಿ."

ಭಾನುವಾರ ರಾತ್ರಿ ಇಷ್ಟು ಹೇಳಿ ಅಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸುತ್ತಾ ಕೂತರು. ನಾನು ಬೆಂಗಳೂರಿಗೆ ವಾಪಸ್ ಬಂದು ನಾಲ್ಕು ದಿನ ಆಯಿತು. ಆಫೀಸು, ಟ್ರಾಫಿಕ್ಕು ಎಲ್ಲಾ ಶುರುವಾಗಿದೆ. ಆ ಮಾತು ಮಾತ್ರ ತಲೆಯಿಂದ ಇಳಿಯುತ್ತಿಲ್ಲ.

ಸಾಗರದ ಹತ್ತಿರ ನಮ್ಮ ಊರು. ಅಪ್ಪನ ಲ್ಯಾಪ್‌ಟಾಪ್ 2014ರದ್ದು. ಅದರ ಬ್ಯಾಟರಿ ಸತ್ತು ಎರಡು ವರ್ಷ ಆಗಿದೆ, ಚಾರ್ಜರ್ ಕಿತ್ತರೆ ಅಲ್ಲೇ ಆರುತ್ತದೆ. ವಿಂಡೋಸ್ 10ರ ಕಾಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಅದಕ್ಕೆ ಬೇಕಾದ ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ ಈ ಹಳೇ ಯಂತ್ರದಲ್ಲಿ ಇಲ್ಲ. ವಿಂಡೋಸ್ ಬದಲು ಲಿನಕ್ಸಿನ ಒಂದು ಬಗೆಯಾದ ಡೆಬಿಯನ್ 13 ಹಾಕಿಬಿಡೋಣ, ಹಗುರವಾದ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಸಾಕು ಅಂತ ಪೆನ್‌ಡ್ರೈವ್ ತಗೊಂಡೇ ಊರಿಗೆ ಹೋಗಿದ್ದೆ.

ಸಂಜೆ ಗುಡುಗು ಶುರುವಾದಾಗಲೇ ನಿಲ್ಲಿಸಬೇಕಿತ್ತು. ಮನೆಯಲ್ಲಿ ಯುಪಿಎಸ್ ಇದೆ, ಆದರೆ ನಡುಮನೆಯ ಪ್ಲಗ್ಗಿಗೆ ಅದರ ಕನೆಕ್ಷನ್ ಇಲ್ಲ. ವೈರಿಂಗ್ ಮಾಡಿದ ಹುಡುಗ "ಆಮೇಲೆ ಕೊಡ್ತೀನಿ" ಅಂತ ಹೋದವನು ಮದುವೆಯಾಗಿ ಎರಡು ಮಕ್ಕಳ ತಂದೆಯಾಗಿದ್ದಾನೆ, ಇನ್ನೂ ಬಂದಿಲ್ಲ. ಇನ್‌ಸ್ಟಾಲರ್ ಫೈಲುಗಳನ್ನೆಲ್ಲಾ ಹಾಕಿ, ಯಂತ್ರವನ್ನು ಎಬ್ಬಿಸುವ ಗ್ರಬ್ ಬೂಟ್‌ಲೋಡರ್ ಕೂರಿಸಿ, ಇನ್ನೇನು ಮುಗಿಸಬೇಕು ಅನ್ನುವಾಗ ಕರೆಂಟ್ ಹೋಯಿತು.

ಒಂದು ಗಂಟೆ ಬಿಟ್ಟು ಕರೆಂಟ್ ಬಂತು. ಆನ್ ಮಾಡಿದರೆ, ಆಶ್ಚರ್ಯ, ಯಂತ್ರ ಎದ್ದು ನಿಂತಿತು. ನೀಟಾದ ಲಾಗಿನ್ ಪರದೆ. ಹೆಸರು ಹಾಕಲು ಒಂದು ಡಬ್ಬಿ, ಪಾಸ್‌ವರ್ಡಿಗೆ ಒಂದು ಡಬ್ಬಿ. ಮಧ್ಯಾಹ್ನವೇ ಅಪ್ಪನ ಹತ್ತಿರ ಹೆಸರು, ಪಾಸ್‌ವರ್ಡ್ ಕೇಳಿ ಇನ್‌ಸ್ಟಾಲರಿಗೆ ಕೊಟ್ಟಿದ್ದೆ. ಅಪ್ಪ ಅದನ್ನು ಕ್ಯಾಲೆಂಡರಿನ ಹಿಂದೆ ಬರೆದೂ ಇಟ್ಟಿದ್ದರು. ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಪಾಸ್‌ವರ್ಡ್ ತಪ್ಪು, ಮತ್ತೆ ಪ್ರಯತ್ನಿಸಿ ಅಂದಿತು ಪರದೆ.

ಕ್ಯಾಲೆಂಡರ್ ತಿರುಗಿಸಿ ನೋಡಿದರು. ಮತ್ತೆ ಒತ್ತಿದರು. ತಪ್ಪು. ಮೂರನೇ ಸಲ ಅಕ್ಷರಗಳನ್ನು ಬಾಯಲ್ಲಿ ಹೇಳಿಕೊಳ್ಳುತ್ತಾ ಒತ್ತಿದರು. ತಪ್ಪು. ಆಗ ಬಂದಿದ್ದು ಆ ಮಾತು.

ನನಗೆ ಆಮೇಲೆ ಹೊಳೆಯಿತು. ಡೆಬಿಯನ್ ಇನ್‌ಸ್ಟಾಲರ್ ನಿಮ್ಮ ಹೆಸರು ಕೇಳುವುದು ಶುರುವಿನಲ್ಲಿ. ನಿಜವಾಗಿ ಖಾತೆ ತೆರೆಯುವುದು ಕೊನೆಯಲ್ಲಿ, ಎಲ್ಲಾ ಮುಗಿಸುವ ಹಂತದಲ್ಲಿ. ಆ ಹಂತಕ್ಕೆ ಅದು ಹೋಗಲೇ ಇಲ್ಲ. ಅಂದರೆ ಅಪ್ಪನ ಪಾಸ್‌ವರ್ಡ್ ತಪ್ಪಿರಲಿಲ್ಲ. ಆ ಯಂತ್ರದಲ್ಲಿ ಅಪ್ಪ ಅನ್ನುವವರೇ ಇರಲಿಲ್ಲ.

ಹಾಗಾದರೆ ಇಂಥವರು ಇಲ್ಲ ಅನ್ನಬಹುದಿತ್ತಲ್ವಾ? ಬೇಕಂತಲೇ ಅನ್ನುವುದಿಲ್ಲ. ಯಾವ ಹೆಸರು ಇದೆ, ಯಾವುದು ಇಲ್ಲ ಅಂತ ಬಾಯಿಬಿಟ್ಟರೆ ಹೊರಗಿನ ಕಳ್ಳ ಒಂದೊಂದೇ ಹೆಸರು ಹಾಕಿ ಪರೀಕ್ಷೆ ಮಾಡುತ್ತಾನೆ. ಅದಕ್ಕೇ ಇಲ್ಲದವನಿಗೂ ತಪ್ಪಿದವನಿಗೂ ಒಂದೇ ಉತ್ತರ. ನಿಯಮ ಸರಿಯೇ. ಆದರೆ ವಾಕ್ಯ ಸರಿಯಿಲ್ಲ. ಇದೇ ಲಿನಕ್ಸಿನ ಹಳೇ ಕಪ್ಪು ಪರದೆ "ಲಾಗಿನ್ ಇನ್‌ಕರೆಕ್ಟ್" ಅನ್ನುತ್ತದೆ, ಅಷ್ಟೇ. ಯಾರ ಮೇಲೂ ಬೆರಳು ತೋರಿಸುವುದಿಲ್ಲ. ಚೆಂದದ ಪರದೆ ಮಾಡಿದವರು ಅದನ್ನು "ಪಾಸ್‌ವರ್ಡ್ ತಪ್ಪು" ಮಾಡಿದರು. ಎಪ್ಪತ್ತನಾಲ್ಕು ವರ್ಷದ ಮನುಷ್ಯ ಕ್ಯಾಲೆಂಡರ್ ತಿರುಗಿಸಿ ನೋಡಬೇಕಾಯಿತು.

ತಮ್ಮನಿಗೆ ಫೋನ್ ಮಾಡಿದೆ. "ಫಾರ್ಮ್ಯಾಟ್ ಹೊಡೆದು ಇನ್ನೊಂದ್ಸಲ ಹಾಕು ಅಕ್ಕ" ಅಂದ. ಅವನ ಎಲ್ಲಾ ಔಷಧಿಯೂ ಅದೇ. ಮನೆ ಸೋರಿದರೆ ಮನೆ ಕೆಡವು ಅನ್ನುವ ಪೈಕಿ. ಆದರೂ ಈ ಸಲ ಅವನು ಹೇಳಿದ್ದೇ ಸರಿ. ಅರ್ಧಕ್ಕೆ ನಿಂತ ಇನ್‌ಸ್ಟಾಲೇಶನ್ ಮೇಲೆ ನಂಬಿಕೆ ಇಡಬಾರದು, ಇನ್ನೂ ಏನೇನು ಬಿಟ್ಟುಹೋಗಿದೆಯೋ ಗೊತ್ತಾಗುವುದಿಲ್ಲ. ನಾನು ಕೇಳಲಿಲ್ಲ. ಹೊರಗೆ ಇನ್ನೂ ಮಿಂಚುತ್ತಿತ್ತು, ಬೆಳಿಗ್ಗೆ ಏಳಕ್ಕೆ ನನ್ನ ಬಸ್ಸು. ಸ್ವಲ್ಪ ಹಠವೂ ಇತ್ತು ಅಂತ ಇಟ್ಟುಕೊಳ್ಳಿ.

ದುರಸ್ತಿಗೆ ಇರುವ ರಿಕವರಿ ಮೋಡ್‌ನಲ್ಲಿ ಹೋದರೆ ರೂಟ್, ಅಂದರೆ ಯಂತ್ರದ ಯಜಮಾನನ ಖಾತೆಗೆ ಬೀಗ ಬಿದ್ದಿದೆ ಅಂದಿತು. ಅದರ ಪಾಸ್‌ವರ್ಡೂ ಕೊನೆಯಲ್ಲೇ ಕೂರಬೇಕಿತ್ತು. ಕೊನೆಗೆ ಗ್ರಬ್ ಪಟ್ಟಿಯಲ್ಲಿ 'ಇ' ಒತ್ತಿ, ಲಿನಕ್ಸ್ ಅಂತ ಶುರುವಾಗುವ ಸಾಲಿನ ತುದಿಗೆ ಇನಿಟ್=/ಬಿನ್/ಬ್ಯಾಶ್ ಸೇರಿಸಿ, ಕಂಟ್ರೋಲ್-ಎಕ್ಸ್ ಹೊಡೆದೆ. ಇದು ಹಿತ್ತಲ ಬಾಗಿಲು. ಯಾವ ಪಾಸ್‌ವರ್ಡೂ ಕೇಳದೆ ನೇರ ಒಳಗೆ ಬಿಡುತ್ತದೆ. ಡಿಸ್ಕ್ ಎನ್‌ಕ್ರಿಪ್ಟ್ ಮಾಡಿರದ ಲ್ಯಾಪ್‌ಟಾಪ್ ಯಾರ ಕೈಗೆ ಸಿಕ್ಕರೂ ಹೀಗೆ ಒಳಗೆ ಬರಬಹುದು. ಮುಂಬಾಗಿಲಲ್ಲಿ ಅಷ್ಟೊಂದು ಗುಟ್ಟು ಮಾಡುವುದು ಯಾಕೋ! ಒಳಗೆ ಬಂದ ಮೇಲೆ ಡಿಸ್ಕನ್ನು ಬರೆಯುವ ಹಾಗೆ ಮತ್ತೆ ಮೌಂಟ್ ಮಾಡಬೇಕು, ಇಲ್ಲದಿದ್ದರೆ ಬರೀ ಓದಲು ಬಿಡುತ್ತದೆ.

ಮೊದಲು ಖಾತೆಗಳ ಪಟ್ಟಿ ಇರುವ ಪಾಸ್‌ವರ್ಡ್ ಫೈಲ್ ತೆಗೆದು ನೋಡಿದೆ. ಅಪ್ಪ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡಿದ್ದರು. ಕಪ್ಪು ಪರದೆಯ ಮೇಲೆ ಸಾಲು ಸಾಲು ಹೆಸರು. ರೂಟ್, ಡೀಮನ್, ಗೇಮ್ಸ್, ಮೇಲ್, ನ್ಯೂಸ್.

"ಹಾಜರಿ ಪುಸ್ತಕ ಇದ್ದ ಹಾಗಿದೆಯಲ್ಲೇ" ಅಂದರು. ಮೂವತ್ತು ವರ್ಷ ಪ್ರೈಮರಿ ಶಾಲೆಯಲ್ಲಿ ಹಾಜರಿ ಕೂಗಿದವರು. "ಇವರೆಲ್ಲಾ ಯಾರು?"

"ಯಾರೂ ಮನುಷ್ಯರಲ್ಲ ಅಪ್ಪ. ಒಳಗಿನ ಕೆಲಸಕ್ಕೆ ಇರೋ ಖಾತೆಗಳು."

ಅವರು ಬೆರಳಿಟ್ಟು ಓದುತ್ತಾ ಒಂದು ಕಡೆ ನಿಂತರು. "ನೋಬಡಿ. 65534. ಅಲ್ಲಾ, ಯಾರೂ ಅಲ್ಲ ಅನ್ನೋವ್ನಿಗೂ ಇಲ್ಲಿ ಹೆಸರಿದೆ, ನಂಬರಿದೆ. ನಂದಿಲ್ಲ!"

ಇಬ್ಬರೂ ನಕ್ಕೆವು. ಅಡುಗೆಮನೆಯಿಂದ ಅಮ್ಮ "ಏನಂತೆ?" ಅಂದರು. ಯಾರೂ ಹೇಳಲಿಲ್ಲ.

ಇಲ್ಲಿ ನಾನೊಂದು ಎಡವಟ್ಟು ಮಾಡಿದೆ. ಖಾತೆ ತೆರೆಯಲು ಎರಡು ಆಜ್ಞೆಗಳಿವೆ, ಯೂಸರ್‌ಆ್ಯಡ್ ಮತ್ತು ಆ್ಯಡ್‌ಯೂಸರ್. ಅವಸರದಲ್ಲಿ ಮೊದಲನೆಯದನ್ನು ಹೊಡೆದು, ಪಾಸ್‌ವರ್ಡ್ ಕೊಟ್ಟು ರೀಬೂಟ್ ಮಾಡಿದೆ. ಅಪ್ಪ ಹೆಸರು ಹಾಕಿದರು. ಈಗ ಪಾಸ್‌ವರ್ಡ್ ತಪ್ಪು ಅನ್ನಲಿಲ್ಲ. ಪರದೆ ಒಂದು ಕ್ಷಣ ಕಪ್ಪಾಗಿ ಮತ್ತೆ ಅದೇ ಲಾಗಿನ್ನಿಗೆ ಬಂತು. ಬೈಗುಳವೂ ಇಲ್ಲ, ಕಾರಣವೂ ಇಲ್ಲ. ಡೆಬಿಯನ್‌ನಲ್ಲಿ ಸುಮ್ನೆ ಯೂಸರ್‌ಆ್ಯಡ್ ಅಂದರೆ ಪಟ್ಟಿಗೆ ಹೆಸರು ಸೇರುತ್ತದೆ, ಅವರ ಫೈಲು ಇಡುವ ಜಾಗ, ಹೋಮ್ ಡೈರೆಕ್ಟರಿ, ಆಗುವುದಿಲ್ಲ. ಹೆಸರಿದೆ, ಮನೆಯಿಲ್ಲ. ಒಳಗೆ ಹೋದವರು ಕೂರಲು ಜಾಗವಿಲ್ಲದೆ ವಾಪಸ್ ಬರುತ್ತಾರೆ.

ಅಪ್ಪ ನನ್ನ ಮುಖ ನೋಡಿದರು. ಇನ್ನೇನು ಅದೇ ಮಾತು ಬರುತ್ತದೆ ಅಂತ ಗೊತ್ತಾಗಿ ನಾನೇ "ಇದು ನನ್ನ ತಪ್ಪು" ಅಂದೆ.

ಆ ಮಾತನ್ನು ನಾನು ಕಳೆದ ನವೆಂಬರಿನಲ್ಲೂ ಕೇಳಿದ್ದೆ. ಪಿಂಚಣಿಗೆ ಜೀವಂತ ಇದ್ದೀನಿ ಅಂತ ಪ್ರಮಾಣ ಪತ್ರ ಕೊಡಲು ಹೋಗಿದ್ದೆವು. ಬೆರಳಚ್ಚು ಹೊಂದಲಿಲ್ಲ. ಹೆಬ್ಬೆಟ್ಟು ಆಯಿತು, ತೋರುಬೆರಳಾಯಿತು. ಕೌಂಟರಿನವರು ತಲೆ ಎತ್ತದೆ "ಸರಿಯಾಗಿ ಇಡಿ" ಅಂದರು. ವಯಸ್ಸಾದರೆ, ಚಾಕ್‌ಪೀಸು ಗುದ್ದಲಿ ಹಿಡಿದ ಕೈಯಾದರೆ, ಬೆರಳಿನ ಗೆರೆ ಸವೆಯುತ್ತದೆ ಅಂತ ಆ ಯಂತ್ರಕ್ಕೆ ಹೇಳಲು ಬರುವುದಿಲ್ಲ ಸರಿ, ಕೌಂಟರಿನವರಿಗೆ ಬಾಯಿ ಇತ್ತಲ್ಲ? ಅಪ್ಪ ಬೆರಳನ್ನು ಅಂಗಿಗೆ ಉಜ್ಜಿಕೊಂಡು "ನಂದೇ ಏನೋ ತಪ್ಪಿರಬೇಕು ಬಿಡು" ಅಂದಿದ್ದರು. ಜೋರಾಗಿ ಪಾಠ ಮಾಡಿದರೆ ರಸ್ತೆಯವರೆಗೂ ಕೇಳುತ್ತಿದ್ದ ಗಂಟಲು ಅದು. ಕೆಲವು ಯಂತ್ರಗಳ ಮುಂದೆ ಮಾತ್ರ ಅಷ್ಟು ಸಣ್ಣದಾಗುತ್ತದೆ.

ಮತ್ತೆ ಹಿತ್ತಲ ಬಾಗಿಲಿಂದ ಹೋದೆ. ಹಳೇ ಖಾತೆ ಅಳಿಸಿ, ಈ ಸಲ ಆ್ಯಡ್‌ಯೂಸರ್ ಹೊಡೆದೆ. ಇದು ಸೌಜನ್ಯದ ಪ್ರಾಣಿ. ಮನೆಯನ್ನೂ ಕಟ್ಟುತ್ತದೆ, ಕುಶಲವನ್ನೂ ಕೇಳುತ್ತದೆ. ಪೂರ್ತಿ ಹೆಸರು, ರೂಮ್ ನಂಬರ್, ಆಫೀಸ್ ಫೋನ್, ಮನೆ ಫೋನ್, ಇತರೆ. ಯುನಿಕ್ಸಿನ ಹಳೇ ಕಾಲದ ಪಳೆಯುಳಿಕೆ ಈ ಪ್ರಶ್ನೆಗಳು. ಒಂದೇ ಕಂಪ್ಯೂಟರನ್ನು ಕಟ್ಟಡದವರೆಲ್ಲಾ ಹಂಚಿಕೊಳ್ಳುತ್ತಿದ್ದಾಗ ಯಾರು ಯಾವ ರೂಮಿನಲ್ಲಿದ್ದಾರೆ ಅಂತ ಬೇಕಾಗುತ್ತಿತ್ತು. ಈಗ ಎಲ್ಲರೂ ಎಂಟರ್ ಒತ್ತಿ ದಾಟುತ್ತಾರೆ. ನಾನೂ ಒತ್ತಲು ಹೋದೆ.

"ಕೇಳಿದ್ದಕ್ಕೆ ಉತ್ತರ ಕೊಡಬೇಕಪ್ಪ" ಅಂತ ಅಪ್ಪ ತಡೆದರು. "ರೂಮ್ ನಂಬರ್ ಎಲ್ಲಿದೆ ನಮಗೆ? ನಡುಮನೆ ಅಂತ ಬರಿ."

ಆ ಕಪ್ಪು ಪರದೆಗೆ ಕನ್ನಡ ಅಕ್ಷರ ಬರುವುದಿಲ್ಲ, ಇಂಗ್ಲಿಷ್ ಅಕ್ಷರದಲ್ಲೇ ನಡುಮನೆ ಅಂತ ಬರೆದೆ. ಆಫೀಸ್ ಫೋನ್ ಅಂದಾಗ ಸ್ವಲ್ಪ ಯೋಚಿಸಿದರು. "ಶಾಲೆಗೆ ಫೋನೇ ಇರಲಿಲ್ಲ. ಖಾಲಿ ಬಿಡು." ಇತರೆ ಅಂದಾಗ "ನಿವೃತ್ತ" ಅಂದರು. ಕೊನೆಗೆ ಈ ಮಾಹಿತಿ ಸರಿಯಾ ಅಂತ ಕೇಳಿತು. ಕನ್ನಡಕ ಏರಿಸಿ ಇನ್ನೊಂದು ಸಲ ಓದಿ, ಅವರೇ ವೈ ಒತ್ತಿದರು.

ಅವರ ನಂಬರ್ 1000. ಡೆಬಿಯನ್ ಮನುಷ್ಯರನ್ನು ಎಣಿಸಲು ಶುರುಮಾಡುವುದೇ ಅಲ್ಲಿಂದ. ಆಮೇಲೆ ನೆಟ್‌ವರ್ಕ್, ಅದು ಇದು ಅಂತ ಬಿಟ್ಟುಹೋಗಿದ್ದನ್ನು ಸರಿಮಾಡುವಷ್ಟರಲ್ಲಿ ಹನ್ನೊಂದೂವರೆ. ಕೀಬೋರ್ಡಿಗೆ ಕನ್ನಡ ಟೈಪಿಂಗಿನ ಕಗಪ ವಿನ್ಯಾಸ ಹಾಕಿಕೊಟ್ಟೆ. ಅದು ಅವರಿಗೆ ನುಡಿ ತಂತ್ರಾಂಶದಿಂದಲೇ ಅಭ್ಯಾಸ. ತಮ್ಮ ಹೆಸರನ್ನು ಕನ್ನಡದಲ್ಲಿ ಹೊಡೆದು, ಫಾಂಟ್ ದೊಡ್ಡದು ಮಾಡಿ, ಸುಮ್ಮನೆ ನೋಡುತ್ತಾ ಕೂತರು.

ಇವತ್ತು ಬೆಳಿಗ್ಗೆ ಮೀಟಿಂಗ್ ನಡುವೆ ಅಪ್ಪನ ಫೋನು. "ಪಾಸ್‌ವರ್ಡ್ ತಪ್ಪು ಅಂತಿದೆ ಪುಟ್ಟಿ. ನಾನು ಸರಿಯಾಗೇ ಹಾಕಿದೀನಿ. ನಿನ್ನ ಯಂತ್ರದ್ದೇ ಏನೋ ತಪ್ಪಿರಬೇಕು, ನೋಡು."

"ಕ್ಯಾಪ್ಸ್ ಲಾಕ್ ದೀಪ ಉರೀತಿದೆಯಾ ನೋಡಿ" ಅಂದೆ.

ಸ್ವಲ್ಪ ಹೊತ್ತು ಸದ್ದಿಲ್ಲ.

"ಉರೀತಿದೆ" ಅಂದರು. "ಯಾರು ಹಚ್ಚಿದ್ದು ಇದನ್ನ?"