ಸೋಲಾರ್ ನಮ್ಮಂಥೋರಿಗೆ ಗಿಟ್ಟತ್ತಾ?

ಬೆಂಗಳೂರಿನ ಕತ್ರಿಗುಪ್ಪೇಲಿ ನಮ್ಮನೆ ಟೆರೇಸ್ ಮೇಲೆ ಪ್ಯಾನೆಲ್ ಬಂದಾಗಿಂದ ಹಾಲಿನ ಬೂತಲ್ಲಿ, ವಾಕಿಂಗಲ್ಲಿ, ಕೊನೆಗೆ ಮದುವೆ ಊಟದ ಪಂಕ್ತೀಲೂ ಎಲ್ಲರೂ ಕೇಳೋದು ಇದನ್ನೇ, "ಅಕ್ಕಾ, ಸೋಲಾರ್ ಹಾಕ್ಸಿದ್ದೀರಲ್ಲ, ನಮ್ಮಂಥೋರಿಗೆ ಗಿಟ್ಟತ್ತಾ?"

ನಾನು ತಿರುಗಿ ಎರಡು ವಿಷಯ ಕೇಳ್ತೀನಿ. ತಿಂಗಳಿಗೆ ಎಷ್ಟು ಯೂನಿಟ್ ಆಗತ್ತೆ, ಟೆರೇಸ್ ಯಾರದು. ಪ್ಯಾನೆಲ್ ರೇಟು ಆಮೇಲೆ.

ನಮ್ಮ ಲೆಕ್ಕ ಹೇಳ್ಬಿಡ್ತೀನಿ. ನಮಗೆ ತಿಂಗಳಿಗೆ 300 ಯೂನಿಟ್ ಹತ್ರ ಆಗ್ತಿತ್ತು, 200 ದಾಟಿದ್ರೆ ಸರ್ಕಾರದ ಫ್ರೀ ಕರೆಂಟ್ ಗೃಹಜ್ಯೋತಿ ಸಿಗಲ್ಲ, ಪೂರ್ತಿ ಬಿಲ್ ಕಟ್ಲೇಬೇಕು, ಯೂನಿಟ್ಟಿಗೆ ಆರು ರೂಪಾಯಿ ಹತ್ರ ಅಂದ್ರೆ 1,800 ಹೋಗ್ತಿತ್ತು. 3 ಕಿಲೋವ್ಯಾಟ್ ಹಾಕ್ಸಿದ್ವಿ, 1,95,000 ಆಯ್ತು. ಪಿಎಂ ಸೂರ್ಯ ಘರ್ ಸಬ್ಸಿಡಿ 78,000 ಬಂತು, ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000, ಮೂರನೇದಕ್ಕೆ 18,000, ಇನ್ನೂ ದೊಡ್ಡದು ಹಾಕ್ಸಿದ್ರೂ ಅಷ್ಟೇ. ನಮ್ಮೂರ ಬಿಸಿಲಿಗೆ ಒಂದು ಕಿಲೋವ್ಯಾಟ್ ದಿನಕ್ಕೆ ಸುಮಾರು 4 ಯೂನಿಟ್ ಕೊಡತ್ತೆ, ಮಳೆಗಾಲದಲ್ಲಿ ಕಮ್ಮಿ. ಈಗ ಬರೋದು ಹೆಚ್ಚುಕಮ್ಮಿ ಫಿಕ್ಸೆಡ್ ಚಾರ್ಜ್ ಅಷ್ಟೇ, ಐದಾರು ವರ್ಷಕ್ಕೆ ಹಾಕಿದ ದುಡ್ಡು ವಾಪಸ್.

ಕೇಳಕ್ಕೆ ಚೆನ್ನಾಗಿದೆ ಅಲ್ವಾ, ಆದ್ರೆ ಸಬ್ಸಿಡಿ ಬರೋದು ಎಲ್ಲಾ ಮುಗಿದು, ನಾವು ಲೈನಿಗೆ ಕೊಟ್ಟ ಕರೆಂಟನ್ನೂ ಎಣಿಸೋ ಮೀಟರ್ ಹಾಕಿದ್ಮೇಲೆ, ಅಲ್ಲೀವರೆಗೂ ಪೂರ್ತಿ ದುಡ್ಡು ನಾವೇ ಹೊಂದಿಸ್ಬೇಕು, ಇಲ್ಲಾ ಬ್ಯಾಂಕ್ ಲೋನ್ ಮಾಡ್ಬೇಕು. ಹಾಕಿಕೊಟ್ಟೋರು ಒಂದೇ ತಿಂಗಳು ಅಂದಿದ್ರು, ಆಗಿದ್ದು ಮೂರೂವರೆ ತಿಂಗಳು, ಮಗಳ ಕಾಲೇಜ್ ಫೀಸಿಗೆ ಇಟ್ಟಿದ್ದ ದುಡ್ಡು ಅದ್ರಲ್ಲೇ ಸಿಕ್ಕಾಕೊಂಡು ಆ ದಿನಗಳಲ್ಲಿ ನಂಗೆ ನಿದ್ದೇನೇ ಬರ್ತಿರ್ಲಿಲ್ಲ. ಇನ್ನೊಂದು, ಬ್ಯಾಟರಿ ಇಲ್ದೇ ನೇರ ಕರೆಂಟ್ ಲೈನಿಗೆ ಜೋಡಿಸಿರೋ ಆನ್‌ಗ್ರಿಡ್ ಸಿಸ್ಟಮ್ ಕರೆಂಟ್ ಹೋದಾಗ ತಾನೂ ನಿಂತುಹೋಗತ್ತೆ, ಲೈನ್ ರಿಪೇರಿ ಮಾಡೋರಿಗೆ ಶಾಕ್ ಹೊಡೀಬಾರ್ದು ಅಂತ ಹಾಗೆ ಮಾಡಿರ್ತಾರೆ. ಮನೆ ಯುಪಿಎಸ್ ತೆಗೆದುಹಾಕ್ಬೇಡಿ.

200 ಯೂನಿಟ್ ಒಳಗೆ ಇರೋರಿಗೆ ನಾನು ನೇರವಾಗೇ ಹೇಳ್ತೀನಿ, ದುಡ್ಡಿನ ದೃಷ್ಟೀಲಿ ಗಿಟ್ಟಲ್ಲ. ಗೃಹಜ್ಯೋತೀಲಿ ಬಿಲ್ಲೇ ಸೊನ್ನೆ ಇಲ್ಲಾ ತೀರಾ ಕಮ್ಮಿ ಬರ್ತಿರೋವಾಗ ಉಳಿಸೋದು ಏನನ್ನ? ಅವ್ರಿಗೆ ಪ್ಯಾನೆಲ್ ಮಾರಕ್ಕೆ ಬರೋರನ್ನ ಕಂಡ್ರೆ ನಂಗೆ ಸಂಕಟ ಆಗತ್ತೆ.

ಬಾಡಿಗೆ ಮನೆಯೋರ ಕಷ್ಟ ಬೇರೆ. ಟೆರೇಸ್ ಓನರ್ದು, ಬಿಲ್ ಇವ್ರದು, ಓನರ್ ಯಾಕೆ ಲಕ್ಷ ಹಾಕ್ತಾರೆ? ಸ್ವಂತ ಮನೆ ಇದ್ರೂನೂ 30×40 ಸೈಟಲ್ಲಿ ಪಕ್ಕದೋರು ಮೂರು ಫ್ಲೋರ್ ಎತ್ತಿದ್ರೆ ಮಧ್ಯಾಹ್ನಾನೇ ನೆರಳು, 3 ಕಿಲೋವ್ಯಾಟಿಗೆ ನೆರಳಿಲ್ದಿರೋ 300 ಚದರಡಿ ಆದ್ರೂ ಬೇಕು. ಬಾಡಿಗೆಯೋರಿಗೆ ನಾನು ಹೇಳೋದು ಬಿಎಲ್‌ಡಿಸಿ ಫ್ಯಾನ್, ಅಂದ್ರೆ ಕಮ್ಮಿ ಕರೆಂಟ್ ಎಳೆಯೋ ಮೋಟರಿನ ಫ್ಯಾನ್. ಹಳೇ ಫ್ಯಾನ್ 75 ವ್ಯಾಟ್ ಎಳೆದ್ರೆ ಇದು 30ರ ಆಸುಪಾಸು, ದಿನಕ್ಕೆ 12 ಗಂಟೆ ತಿರುಗಿದ್ರೆ ಒಂದೊಂದು ಫ್ಯಾನಿಗೆ ತಿಂಗಳಿಗೆ 16 ಯೂನಿಟ್ ಉಳಿಯತ್ತೆ, ಏಪ್ರಿಲ್ ಸೆಕೇಲಿ 210ಕ್ಕೆ ಹೋಗೋ ಮನೆ 200ರ ಒಳಗೇ ನಿಲ್ಲತ್ತೆ, ಇಲ್ಲಾಂದ್ರೆ ಆ ಹತ್ತು ಯೂನಿಟ್ಟಿಗೋಸ್ಕರ ಇಡೀ 210ಕ್ಕೂ ಬಿಲ್ ಬರತ್ತೆ. ಮನೆ ಖಾಲಿ ಮಾಡ್ವಾಗ ಬಿಚ್ಕೊಂಡೂ ಹೋಗಬಹುದು.

ಓನರ್‌ಗಳಿಗೆ ನನ್ನ ಕೋರಿಕೆ ಒಂದಿದೆ. ಟೆರೇಸ್ ಮೇಲೆ ಸೋಲಾರ್ ವಾಟರ್ ಹೀಟರ್ ಇಟ್ಟಿದ್ರೆ ಕೆಳಗಿನ ಮನೇಗೂ ಒಂದು ಲೈನ್ ಎಳೆಸಿ. 2 ಕಿಲೋವ್ಯಾಟ್ ಗೀಸರ್ ದಿನಕ್ಕೆ ಒಂದು ಗಂಟೆ ಓಡಿದ್ರೆ ತಿಂಗಳಿಗೆ 60 ಯೂನಿಟ್, ಅಷ್ಟೂ ಬಾಡಿಗೆಯೋರ ಮೀಟರಲ್ಲೇ ಓಡತ್ತೆ. ನಮ್ಮ ಕೆಳಗಿನ ಮನೇಲಿ ಎರಡು ಪುಟ್ಟ ಮಕ್ಕಳು, ಬೆಳಿಗ್ಗೆ ಸ್ಕೂಲ್ ಟೈಮಲ್ಲಿ ಗೀಸರ್ ಇಲ್ದೇ ಆಗ್ತಿರ್ಲಿಲ್ಲ, ಅವ್ರಮ್ಮ ಪ್ರತಿ ತಿಂಗಳು ಬಿಲ್ ಹಿಡ್ಕೊಂಡು ಬಂದು ತೋರಿಸ್ತಿದ್ರು. ಹೋದ ವರ್ಷ 200 ಲೀಟರ್ ಟ್ಯಾಂಕ್ ಹಾಕ್ಸಿ ಅವ್ರ ಬಚ್ಚಲಿಗೂ ಪೈಪ್ ಎಳೆಸ್ದೆ. ಪೈಪಿಗೆ ಪ್ಲಂಬರ್ ತಗೊಂಡಿದ್ದು ನಾಲ್ಕೂವರೆ ಸಾವಿರ. ಜುಲೈ ಮೋಡದಲ್ಲಿ ಎರಡು ಮೂರು ದಿನ ಬಿಟ್ರೆ ಅವ್ರು ಗೀಸರ್ ಸ್ವಿಚ್ ಮುಟ್ಟಿಲ್ಲ.