ಆ 212ರಲ್ಲಿ ಏನಿತ್ತು ಸಾರ್?

ಟೀಮಿಗೆ ಹೊಸದಾಗಿ ಸೇರಿದ ಹುಡುಗಿ ಮಂಗಳವಾರ ಕೇಳಿದ ಪ್ರಶ್ನೆ ಇದು. ಶುಕ್ರವಾರ ಬಂದರೂ ತಲೆಯಿಂದ ಇಳಿದಿಲ್ಲ.

ಸೈಟ್ ಒಮ್ಮೆ ತೆರೆಯುತ್ತೆ, ಒಮ್ಮೆ ಇಲ್ಲ ಅಂತ ದೂರು. ನೆಟ್‌ವರ್ಕಿನ ಬಾಗಿಲಲ್ಲಿ ಕೂತ ಲಿನಕ್ಸ್ ಯಂತ್ರ, ಅಂದರೆ ಗೇಟ್‌ವೇ, ಅದರ ಕರ್ನಲ್ (ಲಿನಕ್ಸ್‌ನ ತಿರುಳು) ಬರೆದ ಲಾಗ್ ನೋಡಿದರೆ ಬರೀ 'ಮಾರ್ಷಿಯನ್ ಸೋರ್ಸ್'. ಈ ನೆಟ್‌ವರ್ಕ್ ಕಾರ್ಡಿಗೆ ಬರಬಾರದ ವಿಳಾಸದಿಂದ ಪ್ಯಾಕೆಟ್ ಬಂದಿದೆ ಅನ್ನೋ ಗೊಣಗಾಟ. ನಡುವೆ ಒಂದು ಸಾಲು: 'ನೆಟ್_ರೇಟ್‌ಲಿಮಿಟ್: 212 ಕಾಲ್‌ಬ್ಯಾಕ್ಸ್ ಸಪ್ರೆಸ್ಡ್'. ಅಷ್ಟು ಸಂದೇಶ ನುಂಗಿದ್ದೇನೆ ಅಂತ.

"ಆ 212ರಲ್ಲಿ ಏನಿತ್ತು ಸಾರ್?"

"ಕರ್ನಲ್‌ಗೂ ಗೊತ್ತಿಲ್ಲಮ್ಮಾ. ಲೆಕ್ಕ ಮಾತ್ರ ಇಡುತ್ತೆ."

"ಮತ್ತೆ ಎಲ್ಲಾ ಮಾರ್ಷಿಯನ್ನೇ ಅಂತ ಹೇಗೆ ಹೇಳ್ತೀರಿ?"

ಹೇಳೋಕೆ ಆಗಲ್ಲ. ಲಾಗ್ ಸಂದೇಶಗಳಿಗೆ ಮಿತಿ ಬೇಕು, ಅದರಲ್ಲಿ ತಕರಾರಿಲ್ಲ. ಆ ಸಂದೇಶ ಕೇಬಲ್‌ನಲ್ಲಿ ಹೊರಗೆ ಕಳಿಸುವ ಸೀರಿಯಲ್ ಕನ್ಸೋಲ್‌ಗೆ, ಸೆಕೆಂಡಿಗೆ 115200 ಬಿಟ್ ವೇಗದಲ್ಲಿ, ಹನ್ನೊಂದು ಸಾವಿರ ಅಕ್ಷರ ದಾಟಿದರೆ ಹೆಚ್ಚು. ಪ್ರತಿ ಪ್ಯಾಕೆಟ್‌ಗೂ ಒಂದು ಸಾಲು ಬರೆಯುತ್ತಾ ಕೂತರೆ ಯಂತ್ರ ಬೇರೆ ಕೆಲಸ ಮಾಡೋದೇ ಇಲ್ಲ. ಅದಕ್ಕೇ ಕರ್ನಲ್‌ನಲ್ಲಿ ಈ ಸೆಟ್ಟಿಂಗ್: ಮೆಸೇಜ್_ಕಾಸ್ಟ್ 5, ಮೆಸೇಜ್_ಬರ್ಸ್ಟ್ 10. ಅಂದರೆ ಐದು ಸೆಕೆಂಡಿಗೆ ಹತ್ತು ಸಂದೇಶ. ನನ್ನ ಜಗಳ ಇರೋದು ಬೇರೆ ಕಡೆ. ಲಾಗ್ ಬರೆಯೋಕೆ ಕರ್ನಲ್ ಕೋಡ್ ಪ್ರಿಂಟ್‌ಕೆ_ರೇಟ್‌ಲಿಮಿಟೆಡ್ ಅನ್ನೋದನ್ನ ಬಳಸಿದರೆ ಕೋಡಿನ ಪ್ರತಿ ಜಾಗಕ್ಕೂ ತನ್ನದೇ ಪಾಲು ಸಿಗುತ್ತೆ. ನೆಟ್_ರೇಟ್‌ಲಿಮಿಟ್‌ನ ಹತ್ತು ಮಾತ್ರ ಅದನ್ನು ಕೇಳಿ ಬರೆಯುವ ನೆಟ್‌ವರ್ಕ್ ಕೋಡಿಗೆಲ್ಲ ಒಟ್ಟಿಗೆ. ಗ್ರಾಮಸಭೆಯಲ್ಲಿ ಒಬ್ಬನೇ ಮೈಕ್ ಹಿಡಿದು ನಿಂತರೆ ಮನೆಗೆ ನೀರು ನುಗ್ಗಿದವನ ಸರದಿ ಬರೋದೇ ಇಲ್ಲ, ಅಲ್ವಾ?

ಹುಡುಗಿ ಸುಮ್ನೆ ಕೂರಲಿಲ್ಲ. ಹಳೆಯ ಲಾಗ್ ಎಲ್ಲಾ ಜಾಲಾಡಿದಳು. 'ಎನ್ಎಫ್_ಕಾನ್‌ಟ್ರ್ಯಾಕ್: ಟೇಬಲ್ ಫುಲ್, ಡ್ರಾಪಿಂಗ್ ಪ್ಯಾಕೆಟ್', ಎರಡೇ ಎರಡು ಸಾಲು. ಕಾನ್‌ಟ್ರ್ಯಾಕ್ ಅಂದರೆ ನಡೆಯುತ್ತಿರುವ ಕನೆಕ್ಷನ್ನುಗಳ ಪಟ್ಟಿ; ಅದು ತುಂಬಿದೆ, ಪ್ಯಾಕೆಟ್ ಬಿಸಾಕುತ್ತಿದ್ದೇನೆ ಅಂತ. ಕರ್ನಲ್ ತನ್ನ ಲೆಕ್ಕ ತೋರಿಸುವ ಪ್ರೋಕ್‌ನಲ್ಲಿ ಆ ಪಟ್ಟಿಯ ಎಣಿಕೆ ನೋಡಿದರೆ ಗರಿಷ್ಠ ಮಿತಿಗೆ ಮುಟ್ಟಿ ನಿಂತಿದೆ. ಹೊಸ ಕನೆಕ್ಷನ್ನುಗಳು ಬಾಗಿಲಲ್ಲೇ ಬೀಳುತ್ತಿದ್ದವು. ಅದನ್ನು ಹೇಳಬೇಕಾದ ಸಾಲುಗಳು ಆ ನುಂಗಿದ ಲೆಕ್ಕದೊಳಗೆ ಹೋಗಿರಬೇಕು.

ಕ್ಲೈಂಟ್ ಕಡೆಯ ಮ್ಯಾನೇಜರ್ ಮೊದಲ ದಿನವೇ "ಲಾಗ್_ಮಾರ್ಷಿಯನ್ಸ್ ಸೊನ್ನೆ ಮಾಡಿ, ಮುಗೀತು" ಅಂದಿದ್ದರು. ಮಾರ್ಷಿಯನ್ ಸಾಲೇ ಬರದಂತೆ. ಒಳ್ಳೆಯವರೇ. ಆದರೆ ಸ್ಕ್ರೀನ್ ಖಾಲಿ ಇದ್ದರೆ ಸರ್ವರ್ ಚೆನ್ನಾಗಿದೆ ಅನ್ನೋ ಜಾತಿ. ನಾನು ಒಪ್ಪಲಿಲ್ಲ. ಮಾರ್ಷಿಯನ್ ಸಾಲಿನ ಕೆಳಗೆ 'ಎಲ್ಎಲ್ ಹೆಡರ್' ಅಂತ ಬರುತ್ತಲ್ಲ, ಅದರಲ್ಲಿ ಮೊದಲ ಆರು ಬೈಟ್ ಎಲ್ಲಾ ಎಫ್ಎಫ್, ಅಂದರೆ ಬ್ರಾಡ್‌ಕಾಸ್ಟ್, ಎಲ್ಲರಿಗೂ ಕಳಿಸಿದ್ದು. ಮುಂದಿನ ಆರು ಕಳಿಸಿದವನ ಮ್ಯಾಕ್ ವಿಳಾಸ, ಅವನ ನೆಟ್‌ವರ್ಕ್ ಕಾರ್ಡಿನ ಗುರುತು. ಸ್ವಿಚ್‌ನಲ್ಲಿ ಆ ವಿಳಾಸ ಹಿಡಿದು ಹೋದರೆ ಸಿಕ್ಕಿದ್ದು ಸಿಸಿಟಿವಿ ರೆಕಾರ್ಡರ್. ಯಾರೋ ತಪ್ಪು ವಿಲ್ಯಾನ್‌ಗೆ, ಅಂದರೆ ಅದೇ ಸ್ವಿಚ್‌ನೊಳಗೆ ಪಾಲು ಮಾಡಿದ ಬೇರೆ ನೆಟ್‌ವರ್ಕ್‌ಗೆ, ಚುಚ್ಚಿ ಹೋಗಿದ್ದರು. ಅದನ್ನು ಅದರ ಜಾಗಕ್ಕೆ ಕಳಿಸಿ, ಟೇಬಲ್ ದೊಡ್ಡದು ಮಾಡಿದೆವು. ಹುಡುಗಿ ಎಣಿಕೆಗೇ ಒಂದು ಅಲರ್ಟ್ ಇಟ್ಟಳು. ಇನ್ನು ಲಾಗ್ ನಂಬಿ ಕೂರಬೇಕಾಗಿಲ್ಲ.

ತಮಾಷೆ ಅಂದ್ರೆ, ಮ್ಯಾನೇಜರ್ ಹೇಳಿದಂತೆ ಮಾಡಿದ್ದರೂ ಮೈಕ್ ಖಾಲಿಯಾಗಿ ಕಾನ್‌ಟ್ರ್ಯಾಕ್ ಸಾಲು ತಾನಾಗೇ ಕಾಣುತ್ತಿತ್ತು. ರೆಕಾರ್ಡರ್ ಮಾತ್ರ ಸಿಗುತ್ತಿರಲಿಲ್ಲ. ಇದನ್ನು ಅವರಿಗೆ ಹೇಳಿಲ್ಲ, ಹೇಳೋದೂ ಇಲ್ಲ.